ಕದ್ದದ್ದು 'ಕಳೆದುಹೋದದ್ದು' ಆಗುವ ಪವಾಡ

ಸಂಜೆ ಆರೂವರೆ ಹೊತ್ತಿಗೆ ನಮ್ಮ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತು ನೋಡಿ. ಹಳ್ಳಿ ಕಡೆಯ ಬಸ್ಸು ಪ್ಲಾಟ್‌ಫಾರಂಗೆ ತಿರುಗುವ ಮೊದಲೇ ಜನ ಅದರ ಜೊತೆ ಓಡ್ತಾರೆ. ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರು ಒಂದು ಕಡೆ, ಬಾಗಿಲಲ್ಲಿ ಮಗು ಎತ್ತಿಕೊಂಡು ನಲುಗುವ ತಾಯಂದಿರು ಇನ್ನೊಂದು ಕಡೆ. ಬಸ್ಸು ಸರ್ಕಲ್ ದಾಟುವ ಹೊತ್ತಿಗೆ ಒಳಗಿಂದ ಒಂದು ಕೂಗು: 'ಅಯ್ಯೋ, ನನ್ನ ಫೋನು!' ಕಂಡಕ್ಟರ್ ಸೀಟಿ ಊದ್ತಾನೆ, ಬಸ್ಸು ನಿಲ್ತದೆ, ಎಲ್ಲರೂ ಅವರವರ ಜೇಬು ಮುಟ್ಟಿ ನೋಡ್ಕೋತಾರೆ. ಕದ್ದವನು ಅಷ್ಟರಲ್ಲಿ ಇಳಿದು ಟೀ ಕುಡೀತಾ ಇರ್ತಾನೆ.

ಕಳೆದ ತಿಂಗಳು ಈ ಬಡ ವರದಿಗಾರನ ಜೇಬೂ ಹಾಗೆಯೇ ಹಗುರಾಯಿತು. ಠಾಣೆಗೆ ಹೋದೆ. ರೈಟರ್ ಸಾಹೇಬರು ಒಳ್ಳೆಯವರೇ, ಕುರ್ಚಿ ಕೊಟ್ಟರು.

'ಕದ್ದಿದ್ದು ನೀವು ಕಣ್ಣಾರೆ ನೋಡಿದ್ರಾ?'

'ನೋಡಿದ್ರೆ ಬಿಡ್ತಿದ್ನಾ ಸಾರ್?'

'ಹಂಗಾದ್ರೆ ಕಳೆದುಹೋಗಿದೆ ಅಂತ ಬರ್ಕೊಡಿ. ಫೋನ್ ಬ್ಲಾಕ್ ಮಾಡ್ಸೋಕೆ ಅಷ್ಟು ಸಾಕು. ಎಫ್‌ಐಆರ್ ಅಂದ್ರೆ ಕೋರ್ಟು ಕಚೇರಿ ಅಲೀಬೇಕಾಗ್ತದೆ, ನಿಮಗ್ಯಾಕೆ?'

ಬರ್ಕೊಟ್ಟೆ. ನಾಲ್ಕು ವರ್ಷದಿಂದ ಪೊಲೀಸ್ ಸುದ್ದಿ ಬರೆಯುವ ನಾನೇ ಬರ್ಕೊಟ್ಟೆ. ಆಮೇಲೆ ರಾತ್ರಿ ನಿದ್ದೆ ಬರದೆ ಹೊರಳಾಡುವಾಗ ಹೊಳೆಯಿತು, ಆ ಒಂದು ಶಬ್ದ ಬದಲಾಗಿದ್ದರಿಂದ ಸರ್ಕಾರಿ ದಾಖಲೆಯಲ್ಲಿ ಆ ದಿನ ಬಸ್ ಸ್ಟ್ಯಾಂಡಿನಲ್ಲಿ ಕಳವೇ ಆಗಿಲ್ಲ!

ಇದನ್ನು ಯಾಕೆ ಇಷ್ಟು ಹಿಂಜುತ್ತಿದ್ದೇನೆ ಅಂದರೆ, ಈಗ ಪೊಲೀಸ್ ಇಲಾಖೆಯ ದೊಡ್ಡವರ ಬಾಯಲ್ಲಿ 'ಮಾಹಿತಿ ಆಧಾರಿತ ಪೊಲೀಸಿಂಗ್' ಎಂಬ ಮಾತು ಕೇಳುತ್ತಿದೆ. ಮಾತು ಒಳ್ಳೆಯದೇ. ಎಲ್ಲ ಕಡೆ ಎಲ್ಲ ಹೊತ್ತೂ ಪೊಲೀಸರನ್ನು ನಿಲ್ಲಿಸಲು ಆಗುವುದಿಲ್ಲ. ಎಲ್ಲಿ, ಯಾವಾಗ, ಯಾರಿಂದ ಅಪರಾಧ ಆಗುತ್ತಿದೆ ಎಂದು ಮಾಹಿತಿ ಕೂಡಿಹಾಕಿ, ಯಾವುದು ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸಿ ಅಲ್ಲಿಗೆ ಜನ ಕಳಿಸುವುದು. ಇಂಗ್ಲೆಂಡಿನ ಕೆಂಟ್ ಎಂಬ ಜಿಲ್ಲೆಯಲ್ಲಿ 1990ರ ದಶಕದಲ್ಲಿ ಕಾರು ಕಳವು, ಮನೆಗಳ್ಳತನ ವಿಪರೀತವಾದಾಗ ಅಲ್ಲಿನ ಪೊಲೀಸರು ಇದನ್ನು ಮಾಡಿ ನೋಡಿದರು. ಬಹುಪಾಲು ಕಳ್ಳತನ ಮಾಡುವವರು ಕೆಲವೇ ಜನ, ಬಂದ ಬಂದ ಕರೆಗೆಲ್ಲ ಓಡುವುದರ ಬದಲು ಆ ಕೆಲವರ ಬೆನ್ನು ಹತ್ತೋಣ ಎಂಬುದು ಅವರ ಲೆಕ್ಕ. ಆಮೇಲೆ ಇಡೀ ಇಂಗ್ಲೆಂಡು, ವೇಲ್ಸಿಗೆ ಒಂದೇ ಪದ್ಧತಿ ಬಂತು. ಅದರಲ್ಲಿ ಮೂರು ಮೆಟ್ಟಿಲು: ಊರಿನ ಅಪರಾಧ, ಗಡಿ ದಾಟುವ ಅಪರಾಧ, ದೇಶ ಮಟ್ಟದ ಅಪರಾಧ. ಕೆಳಗಿನ ಮೆಟ್ಟಿಲಿನ ಮಾಹಿತಿ ಮೇಲಕ್ಕೆ ಹೋಗಬೇಕು, ಮೇಲಿನ ತೀರ್ಮಾನ ಕೆಳಕ್ಕೆ ಬರಬೇಕು.

ಕೇಳಲು ಚೆಂದ. ಆದರೆ 2014ರಲ್ಲಿ ಅಲ್ಲಿನ ಪೊಲೀಸ್ ತಪಾಸಣಾ ಸಂಸ್ಥೆಯೇ ಕಡತ ತೆಗೆದು ನೋಡಿದಾಗ ಏನು ಸಿಕ್ಕಿತು ಗೊತ್ತೇ? ಪೊಲೀಸರ ಕಿವಿಗೆ ಬಿದ್ದ ಅಪರಾಧಗಳಲ್ಲಿ ಸುಮಾರು 19 ಪರ್ಸೆಂಟ್ ಪುಸ್ತಕಕ್ಕೇ ಏರಿರಲಿಲ್ಲ. ವರ್ಷಕ್ಕೆ 8 ಲಕ್ಷಕ್ಕೂ ಹೆಚ್ಚು! ಬ್ರಿಟನ್ನಿನ ಅಂಕಿ ಅಂಶ ಪ್ರಾಧಿಕಾರ ಅದೇ ವರ್ಷ ಪೊಲೀಸರ ಅಪರಾಧ ಲೆಕ್ಕಕ್ಕೆ ಕೊಟ್ಟಿದ್ದ ರಾಷ್ಟ್ರೀಯ ಮುದ್ರೆಯನ್ನೇ ವಾಪಸು ತೆಗೆದುಕೊಂಡಿತು. ಐದರಲ್ಲಿ ಒಂದನ್ನು ಬರೆಯದೇ ಇದ್ದವರ ಗತಿ ಇದು. ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಐದರಲ್ಲಿ ಎಷ್ಟು ಬರೀತಾರೆ ಸ್ವಾಮಿ?

ನಮ್ಮಲ್ಲೂ ಮೆಟ್ಟಿಲುಗಳಿವೆ. ಠಾಣೆಯ ಎಫ್‌ಐಆರ್ ಕಂಪ್ಯೂಟರಿಗೆ ಏರುತ್ತದೆ, ಜಿಲ್ಲೆಗೆ ಹೋಗುತ್ತದೆ, ರಾಜ್ಯಕ್ಕೆ ಹೋಗುತ್ತದೆ, ಕೊನೆಗೆ ದಿಲ್ಲಿಯ ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋ ಪುಸ್ತಕಕ್ಕೆ ಸೇರುತ್ತದೆ. ಆ ಪುಸ್ತಕ ಎಣಿಸುವುದು ದಾಖಲಾದ ಕೇಸನ್ನು ಮಾತ್ರ. ನಮ್ಮ ಊರಿನ ಠಾಣೆಯಲ್ಲಿ ಬರೆಯದ್ದು ದಿಲ್ಲಿಯಲ್ಲಿ ಇಲ್ಲ. ಇಲ್ಲದ ಅಪರಾಧಕ್ಕೆ ಪೇದೆ ಯಾಕೆ ಕೊಡ್ತಾರೆ?

ಬರೆದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಮ್ಮ ಅಂಗಡಿ ಬೀದಿಯಲ್ಲೇ ಇದೆ. ಯುಪಿಐ ಮೋಸ, ಕೆವೈಸಿ ಹೆಸರಿನ ಫೋನ್ ಕರೆ, ಡಿಜಿಟಲ್ ಅರೆಸ್ಟ್ ಎಂಬ ಹೆದರಿಕೆ. ಹಣ ಕಳೆದುಕೊಂಡವರು 1930ಕ್ಕೆ ತಕ್ಷಣ ಫೋನ್ ಮಾಡಿದರೆ ದೂರು ಒಂದೇ ಕಡೆ ಸೇರುತ್ತದೆ. ಇಲ್ಲಿ ಎರಡು ಸಾವಿರ ಕಳೆದುಕೊಂಡ ದಿನಸಿ ಅಂಗಡಿಯವರ ದೂರೂ, ಇನ್ಯಾವುದೋ ರಾಜ್ಯದಲ್ಲಿ ಎರಡು ಲಕ್ಷ ಕಳೆದುಕೊಂಡ ನಿವೃತ್ತ ಮೇಷ್ಟರ ದೂರೂ ಒಂದೇ ಸಿಮ್ ಕಾರ್ಡಿಗೆ, ಒಂದೇ ಬ್ಯಾಂಕ್ ಖಾತೆಗೆ ಹೋಗಿ ನಿಲ್ಲಬಹುದು. ಜಾರ್ಖಂಡದ ಜಾಮ್‌ತಾಡಾ, ಹರಿಯಾಣ-ರಾಜಸ್ಥಾನದ ಮೇವಾತ್ ಕಡೆಯ ಹೆಸರುಗಳು ಹೊರಬಿದ್ದದ್ದು ಇಂಥ ಚಿಲ್ಲರೆ ದೂರುಗಳ ರಾಶಿಯಿಂದಲೇ. ಎರಡು ಸಾವಿರ ತಾನೇ, ಹೋಗ್ಲಿ ಬಿಡು ಅಂತ ಎಲ್ಲರೂ ಸುಮ್ಮನಿದ್ದಿದ್ದರೆ ಇದು ರಾಷ್ಟ್ರದ ಸಮಸ್ಯೆ ಅಂತ ದಿಲ್ಲಿಗೆ ಗೊತ್ತಾಗುತ್ತಲೇ ಇರಲಿಲ್ಲ. ಬಸ್ ಸ್ಟ್ಯಾಂಡಿನ ಜೇಬುಗಳ್ಳರಿಗೆ ಮಾತ್ರ ಯಾಕೆ ಈ ಲೆಕ್ಕ ಇಲ್ಲ?

ಪೊಲೀಸರನ್ನೇ ದೂರಿ ಕೈತೊಳೆದುಕೊಳ್ಳುವ ಚಟ ನನಗಿಲ್ಲ. ಪಿಎಸ್‌ಐಗಳ ಕಷ್ಟ ಬೇರೆಯೇ. ತಿಂಗಳ ಅಪರಾಧ ವಿಮರ್ಶೆ ಸಭೆಯಲ್ಲಿ 'ನಿನ್ನ ಠಾಣೇಲಿ ಕಳವು ಯಾಕೆ ಜಾಸ್ತಿ, ಎಷ್ಟು ಪತ್ತೆ ಮಾಡಿದೆ?' ಅಂತ ಎಲ್ಲರೆದುರು ಉಗಿಸಿಕೊಳ್ಳುವುದು ಅವರೇ. ಪತ್ತೆಯಾಗದ ಫೋನ್ ಕೇಸು ಇಪ್ಪತ್ತು ಹೆಗಲೇರಿಸಿಕೊಳ್ಳುವುದಕ್ಕಿಂತ ಇಪ್ಪತ್ತು 'ಕಳೆದುಹೋಗಿದೆ' ಚೀಟಿ ಕೊಡುವುದು ಸುಲಭ. ಬೀಟ್ ಪೇದೆಗಾದರೂ ಪುರುಸೊತ್ತು ಎಲ್ಲಿದೆ? ಮಂತ್ರಿ ಬಂದರೆ ಬಂದೋಬಸ್ತ್, ಜಾತ್ರೆಗೆ ಬಂದೋಬಸ್ತ್, ಗಣೇಶನಿಗೆ ಬಂದೋಬಸ್ತ್. 2017ರಲ್ಲಿ ಹೊಸ ಬೀಟ್ ವ್ಯವಸ್ಥೆ ಅಂದರು, ಬೀಟಿಗೊಂದು ನಾಗರಿಕರ ಸಮಿತಿ ಅಂದರು. 2025ರ ಜುಲೈಯಲ್ಲಿ ಮನೆ ಮನೆಗೆ ಪೊಲೀಸ್ ಅಂದರು. ಮನೆಗೆ ಬಂದ ಪೇದೆಗೆ ಹೇಳಿದ್ದು ಠಾಣೆಯ ಪುಸ್ತಕಕ್ಕೆ ಏರದಿದ್ದರೆ ಅದು ಕಾಫಿ ಕುಡಿಯುವ ಭೇಟಿ, ಅಷ್ಟೆ.

ಮಾಹಿತಿ ಕೊಡುವವರೇನೂ ಕಮ್ಮಿ ಇಲ್ಲ. ಬಸ್ ಸ್ಟ್ಯಾಂಡ್ ಎದುರಿನ ಟೀ ಅಂಗಡಿಯವರಿಗೆ ಸಂತೆ ದಿನ ಬರುವ ಹೊಸ ಮುಖ ಯಾವುದೆಂದು ಗೊತ್ತು. ಫೋನ್ ರಿಪೇರಿ ಅಂಗಡಿಯವರಿಗೆ ಬಿಲ್ಲಿಲ್ಲದ ಸೆಟ್ ಯಾರು ತರ್ತಾರೆ ಗೊತ್ತು. ಹೇಳಿದರೆ ಹೆಸರು ಹೊರಗೆ ಬರುತ್ತದೆ, ಸಾಕ್ಷಿ ಅಂತ ಎಳೀತಾರೆ ಎಂಬ ಭಯಕ್ಕೆ ಬಾಯಿ ಮುಚ್ಚಿದ್ದಾರೆ. ಹೀಗೆ ಹೊಸ ಮಾಹಿತಿ ಬರದಾಗ ಠಾಣೆಗೆ ಉಳಿಯುವುದು ಹಳೇ ಪಟ್ಟಿ ಒಂದೇ. ಹತ್ತು ವರ್ಷದ ಹಿಂದೆ ಸಿಕ್ಕಿಬಿದ್ದ ಕೇರಿಯ ಹುಡುಗ, ಈಗ ಗಾರೆ ಕೆಲಸ ಮಾಡಿಕೊಂಡಿದ್ದರೂ ಅವನನ್ನೇ ಮತ್ತೆ ಎಳ್ಕೊಂಡು ಬರೋದು. ಹಿಂದುಳಿದ, ಬಡ ಸಮುದಾಯದವರ ಹೆಸರನ್ನು ಯಾಂತ್ರಿಕವಾಗಿ ಇಂಥ ಪಟ್ಟಿಗೆ ಸೇರಿಸಬೇಡಿ ಎಂದು ಸುಪ್ರೀಂ ಕೋರ್ಟು 2024ರಲ್ಲಿ ಎಚ್ಚರಿಸಿದೆ.

ಕಾನೂನೂ ಸ್ಪಷ್ಟವಾಗಿದೆ. ಪೊಲೀಸರು ನೇರವಾಗಿ ಕೈಗೆತ್ತಿಕೊಳ್ಳಬಹುದಾದ ಅಪರಾಧದ ದೂರು ಬಂದರೆ ಎಫ್‌ಐಆರ್ ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2013ರ ಲಲಿತಾ ಕುಮಾರಿ ಪ್ರಕರಣದಲ್ಲೇ ಹೇಳಿಯಾಗಿದೆ. (5 ಸಾವಿರಕ್ಕಿಂತ ಕಡಿಮೆ ಮಾಲಿನ ಕಳವನ್ನು 2024ರ ಹೊಸ ಕಾನೂನು ಇದರಿಂದ ಹೊರಗಿಟ್ಟಿದೆ, ಅದರ ಜಗಳ ಇನ್ನೊಂದು ದಿನ ಆಡೋಣ.) ಈಗ ಫೋನು ಎಲ್ಲರದ್ದೂ ಹತ್ತು ಸಾವಿರದ ಮೇಲೆಯೇ.

ಎಸ್‌ಪಿ ಸಾಹೇಬರಲ್ಲಿ ಒಂದೇ ಕೋರಿಕೆ. ಹೊಸ ಕಂಪ್ಯೂಟರ್ ಬೇಡ, ಹೊಸ ಯೋಜನೆ ಬೇಡ. ಈ ಒಂದು ವರ್ಷದಲ್ಲಿ ಪಟ್ಟಣದ ಠಾಣೆಗಳಿಂದ ಕೊಟ್ಟಿರುವ 'ಫೋನ್ ಕಳೆದುಹೋಗಿದೆ' ಚೀಟಿಗಳನ್ನೆಲ್ಲ ತರಿಸಿ, ಜಾಗ ಮತ್ತು ಹೊತ್ತಿನ ಪ್ರಕಾರ ಜೋಡಿಸಿ ನೋಡಿ. ಕಳವು ಜಾಸ್ತಿ ಬರೆದ ಪಿಎಸ್‌ಐಯನ್ನು ಒಂದು ಸಭೆಯಲ್ಲಾದರೂ ಬೈಯದೆ ಬಿಡಿ. ಆಮೇಲೆ ಇಬ್ಬರು ಮಫ್ತಿ ಪೇದೆಗಳನ್ನು ಎಲ್ಲಿ, ಎಷ್ಟು ಹೊತ್ತಿಗೆ ನಿಲ್ಲಿಸಬೇಕೆಂದು ಆ ಚೀಟಿಗಳೇ ಹೇಳ್ತವೆ. ಅದರಲ್ಲಿ ನಂದೂ ಒಂದಿದೆ. ಎರಡನೇ ಪ್ಲಾಟ್‌ಫಾರಂ, ಸಂಜೆ ಆರೂವರೆ.