ಮನೆ ಲೆಕ್ಕ: ಔಷಧ ಫಂಡಿಗೆ ಎಲ್ಲಾ ರೊಕ್ಕ ಹಾಕಬೇಕಾ?

"ಅಕ್ಕಾರ, ಜಡ್ಡು ಯಾವ ಕಾಲಕ್ಕೂ ಕಮ್ಮಿ ಆಗಂಗಿಲ್ಲ. ಹಂಗಾದ್ರ ಔಷಧ ಕಂಪನಿ, ದವಾಖಾನಿ ಷೇರೂ ಬೀಳಂಗಿಲ್ಲ ಅಲ್ಲೇನ್ರಿ?"

ಶಹಾಪುರದ ತಂಗಿಯೊಬ್ಬರ ಪ್ರಶ್ನೆ ಇದು. ಹತ್ತಿ ಮಾರಿದ ರೊಕ್ಕದಲ್ಲಿ ಎರಡು ಲಕ್ಷ ಉಳಿದಿದೆ. ಏಳು ವರ್ಷದ ನಂತರ ಮಗಳ ನರ್ಸಿಂಗ್ ಓದಿಗೆ ಬೇಕು. ನಿಫ್ಟಿ ಇಂಡೆಕ್ಸ್ ಫಂಡ್ ಬಿಟ್ಟು ಅಷ್ಟನ್ನೂ ಹೆಲ್ತ್‌ಕೇರ್ ಫಂಡಿಗೆ ಹಾಕಲೇನು ಅಂತ ಕೇಳಿದ್ದಾರೆ. ಅತ್ತೆಯವರ ಚಿಕಿತ್ಸೆಗೆ ಕಲಬುರಗಿ, ಹೈದರಾಬಾದ್ ಅಂತ ಓಡಾಡಿ ಬಿಲ್ ಕಟ್ಟಿದವರು, ಹಾಗೆ ಅನಿಸೋದು ಸಹಜ.

ಮೊದಲು ಎರಡರ ವ್ಯತ್ಯಾಸ ನೋಡೋಣ. ನಿಫ್ಟಿ 50 ಅಂದರೆ ಬ್ಯಾಂಕು, ಐಟಿ, ವಾಹನ, ಸಿಮೆಂಟು ಹೀಗೆ ಹಲವು ಬಗೆಯ 50 ದೊಡ್ಡ ಕಂಪನಿಗಳು. ಸನ್ ಫಾರ್ಮಾದಂಥ ಔಷಧ ಕಂಪನಿಯೂ ಅದರೊಳಗೇ ಇದೆ. ಹೆಲ್ತ್‌ಕೇರ್ ಫಂಡ್ ಹಾಗಲ್ಲ. ಸೆಬಿ ನಿಯಮದ ಪ್ರಕಾರ ಕನಿಷ್ಠ ಶೇ. 80ರಷ್ಟು ಹಣ ಆ ಒಂದೇ ವಲಯದ ಷೇರುಗಳಲ್ಲಿರಬೇಕು. ಒಂದು ಹೊಲದಲ್ಲಿ ಹತ್ತಿ, ತೊಗರಿ, ಜೋಳ ಎಲ್ಲ ಇದೆ; ಇನ್ನೊಂದರಲ್ಲಿ ಹತ್ತಿ ಮಾತ್ರ.

ಈಗ ಲೆಕ್ಕ. ನಿಫ್ಟಿ ಫಾರ್ಮಾ ಸೂಚ್ಯಂಕವನ್ನು ನಿಫ್ಟಿ 50ರ ಪಕ್ಕ ಇಟ್ಟು ನೋಡಿದ್ದೇನೆ. ಡಿವಿಡೆಂಡ್ ಸೇರಿಸಿಲ್ಲ, ಎಲ್ಲ ಅಂದಾಜು ಅಂಕಿ.

2010ರ ಕೊನೆಗೆ 100 ರೂಪಾಯಿ ಹಾಕಿದ್ದರೆ 2015ರ ಕೊನೆಗೆ ಫಾರ್ಮಾದಲ್ಲಿ ಎರಡು ಪಟ್ಟು ದಾಟುತ್ತಿತ್ತು, ನಿಫ್ಟಿಯಲ್ಲಿ 130 ಅಷ್ಟೇ. ಇದನ್ನು ನೋಡಿ 2015ರ ಕೊನೆಗೆ 100 ಹಾಕಿದವರ ಕತೆ? ಫಾರ್ಮಾ ಸತತ ನಾಲ್ಕು ವರ್ಷ ಇಳಿಯಿತು. 2019ರ ಕೊನೆಗೆ ಅವರ ಕೈಯಲ್ಲಿ ಉಳಿದದ್ದು ಸುಮಾರು 67. ನಿಫ್ಟಿಯವರ ಹತ್ತಿರ 153.

ಆ ನಾಲ್ಕು ವರ್ಷ ಜನರಿಗೆ ಜಡ್ಡು ಕಮ್ಮಿ ಆಗಿತ್ತಾ? ಇಲ್ಲ. ನಮ್ಮ ದೊಡ್ಡ ಔಷಧ ಕಂಪನಿಗಳ ಆದಾಯದ ದೊಡ್ಡ ಪಾಲು ಬರೋದು ಅಮೆರಿಕದಿಂದ. ಅಲ್ಲಿ ಜೆನೆರಿಕ್ ಔಷಧದ ದರ ಪೈಪೋಟಿಯಿಂದ ಇಳಿಯಿತು. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಲ್ಲಿನ ಕಾರ್ಖಾನೆಗಳನ್ನು ತಪಾಸಣೆ ಮಾಡಿ ಎಚ್ಚರಿಕೆ ಪತ್ರ ಕೊಟ್ಟಿತು. 2015ರ ನವೆಂಬರಿನಲ್ಲಿ ಹೈದರಾಬಾದಿನ ಡಾ. ರೆಡ್ಡೀಸ್‌ನ ಮೂರು ಘಟಕಗಳಿಗೆ ಅಂಥ ಪತ್ರ ಬಂತು. ಅಂದರೆ ಶಹಾಪುರದ ಮೆಡಿಕಲ್ ಅಂಗಡಿ ಮುಂದೆ ಎಷ್ಟು ಜನ ನಿಂತಿದ್ದಾರೆ ಅನ್ನೋದರಿಂದ ಷೇರಿನ ದರ ತಿಳಿಯೋದಿಲ್ಲ.

2020ರಲ್ಲಿ ಕೊರೊನಾ ಬಂತು, ಫಾರ್ಮಾ ಒಂದೇ ವರ್ಷ ಶೇ. 60ರಷ್ಟು ಏರಿತು. ಎಲ್ಲರ ಬಾಯಲ್ಲೂ ಅದೇ ಮಾತು. ಆಗ ಹೊಕ್ಕವರ 100 ರೂಪಾಯಿ 2022ರ ಕೊನೆಗೆ 100 ಆಗಿಯೂ ಉಳಿಯಲಿಲ್ಲ. ನಿಫ್ಟಿ 129 ಆಗಿತ್ತು. ಎಲ್ಲರೂ ಮರೆತ ಮೇಲೆ 2023 ಮತ್ತು 2024ರಲ್ಲಿ ಫಾರ್ಮಾ ಮತ್ತೆ ಜೋರಾಗಿ ಏರಿ ನಿಫ್ಟಿಯನ್ನು ಹಿಂದೆ ಹಾಕಿತು. ಇಷ್ಟಾದರೂ 2015ರ ಕೊನೆಯ 100 ರೂಪಾಯಿ 2024ರ ಕೊನೆಗೆ ಫಾರ್ಮಾದಲ್ಲಿ 200ರ ಒಳಗೇ, ನಿಫ್ಟಿಯಲ್ಲಿ ಹೆಚ್ಚುಕಡಿಮೆ 300.

ಹಾಗಾಗಿ ತಂಗಿ, ಹೆಲ್ತ್‌ಕೇರ್ ಫಂಡ್ ನಿಫ್ಟಿಯನ್ನು ಮೀರಿಸಬಹುದಾ ಅಂದರೆ ಮೀರಿಸಬಹುದು, ಮೀರಿಸಿದ್ದೂ ಇದೆ. ಆದರೆ ಯಾವ ವರ್ಷ ಅನ್ನೋದು ಮೊದಲೇ ಗೊತ್ತಾಗಲ್ಲ. ನಮ್ಮಲ್ಲಿ ಹೋದ ವರ್ಷ ಹತ್ತಿಗೆ ರೇಟು ಬಂತು ಅಂತ ಈ ವರ್ಷ ಎಲ್ಲರೂ ಹತ್ತಿ ಹಾಕ್ತಾರಲ್ಲ, ಫಂಡಿನಲ್ಲೂ ಅದೇ ಆಗ್ತದ. ಏರಿದ್ದು ಕಂಡ ಮೇಲೆಯೇ ಏಜೆಂಟರೂ ಬರ್ತಾರೆ, ಜಾಹೀರಾತೂ ಬರ್ತದ.

ನನ್ನ ಸಲಹೆ ಇಷ್ಟು. ಮುಂದಿನ ಹಂಗಾಮಿನ ಬೀಜ, ಗೊಬ್ಬರದ ರೊಕ್ಕ ಮೊದಲು ಬೇರೆ ಇಡ್ರಿ. ಅದು ಷೇರಿಗೆ ಹೋಗಬಾರದು. ಉಳಿದದ್ದರ ಹೆಚ್ಚಿನ ಪಾಲು ಇಂಡೆಕ್ಸ್ ಫಂಡಿಗೆ, ಒಂದೇ ಸಲ ಅಲ್ಲ, ತಿಂಗಳಿಗಿಷ್ಟು ಅಂತ. ಹೆಲ್ತ್‌ಕೇರ್ ಬೇಕೇ ಬೇಕು ಅಂದರೆ ಹತ್ತರಲ್ಲಿ ಒಂದು ಪಾಲು ಸಾಕು, ಅದೂ ನಾಲ್ಕೈದು ವರ್ಷ ಇಳಿದರೂ ಕೈ ಹಚ್ಚದೆ ಇರುವ ಧೈರ್ಯ ಇದ್ದರೆ. ಕಾಲೇಜಿಗೆ ಇನ್ನು ಎರಡು ಮೂರು ವರ್ಷ ಇದೆ ಅನ್ನುವಾಗ ಹಂತಹಂತವಾಗಿ ತೆಗೆದು ಬ್ಯಾಂಕ್ ಎಫ್‌ಡಿಗೆ ಇಡ್ರಿ. ಮಗಳ ಫೀಸು ಮಾರುಕಟ್ಟೆ ಏರಲಿ ಅಂತ ಕಾಯಂಗಿಲ್ಲ.

ಇನ್ನು ದವಾಖಾನೆ ಬಿಲ್ಲಿನ ಭಯಕ್ಕೆ ದವಾಖಾನೆ ಷೇರು ಮದ್ದಲ್ಲ, ವಿಮೆ ಮದ್ದು. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಅತ್ತೆಯವರ ಹೆಸರು ರೇಷನ್ ಕಾರ್ಡಿನಲ್ಲಿ ಸರಿಯಾಗಿದೆಯಾ, ಆಧಾರ್ ಜೋಡಣೆ ಆಗಿದೆಯಾ ಅಂತ ಈ ವಾರವೇ ನೋಡ್ರಿ. ಫಂಡಿನ ಫಾರಂ ತುಂಬೋದು ಆಮೇಲೆ.