ಬಿದಿರು ಕಟಾವಿನ ನಿಯಮಗಳು ಮತ್ತು ಕ್ಷೇತ್ರ ಪರಿಶೀಲನೆ

ಅರಣ್ಯ ಉತ್ಪನ್ನಗಳಿಗೆ ಸಂಬಂಧಿಸಿದಂತೆ ಅರ್ಜಿ ಸಲ್ಲಿಸುವ ಸಾರ್ವಜನಿಕರು, ಕಟಾವಿನ ಷರತ್ತುಗಳನ್ನು ಯಾವ ಆಧಾರದ ಮೇಲೆ ವಿಧಿಸಲಾಗುತ್ತದೆ ಎಂದು ವಿಚಾರಿಸುವುದುಂಟು. ಈ ಪ್ರಶ್ನೆ ಸಮಂಜಸವಾದುದು. ನಿಯಮವೊಂದರ ಪರಿಣಾಮವನ್ನು ಕಾಡಿನಲ್ಲಿಯೇ ಅಳೆದು, ಅದರಂತೆ ನಿಯಮವನ್ನು ಪರಿಷ್ಕರಿಸುವ ವೈಜ್ಞಾನಿಕ ಪದ್ಧತಿ ಏಕೆ ಅವಶ್ಯವೆಂಬುದಕ್ಕೆ ಉತ್ತರ ಕನ್ನಡ ಜಿಲ್ಲೆಯ ಬಿದಿರಿನ ಪ್ರಕರಣವು ಉತ್ತಮ ನಿದರ್ಶನವಾಗಿದೆ.

1950ರ ದಶಕದ ಕೊನೆಯಲ್ಲಿ ದಾಂಡೇಲಿಯ ಕಾಗದ ಕಾರ್ಖಾನೆಗೆ ಟನ್ನಿಗೆ 1.50 ರೂಪಾಯಿ ದರದಲ್ಲಿ ಬಿದಿರನ್ನು ಒದಗಿಸಲಾಯಿತು. ಕಾಡಿನ ದಾಸ್ತಾನನ್ನು ವಾಸ್ತವಕ್ಕಿಂತ ಬಹಳ ಅಧಿಕವಾಗಿ ಅಂದಾಜಿಸಲಾಗಿತ್ತು. ಬೆಲೆಯೇ ಇಲ್ಲದ ಸರಕನ್ನು ಯಾರೂ ಎಣಿಸಿ ನೋಡುವುದಿಲ್ಲವೆಂಬುದು ಲೆಕ್ಕಪತ್ರ ಬಲ್ಲವರಿಗೆ ಹೊಸ ಮಾತಲ್ಲ. ಬುಟ್ಟಿ, ಮೊರ ಹೆಣೆದು ಜೀವಿಸುವ ಮೇದರು ಮಾತ್ರ ಪೇಟೆಯಲ್ಲಿ ಇದರ ಅನೇಕ ಪಟ್ಟು ಬೆಲೆ ತೆರಬೇಕಾಯಿತು. ಬಿದಿರು ಕ್ಷೀಣಿಸಿದಂತೆ ಅವರ ಕಸುಬಿಗೇ ಧಕ್ಕೆಯಾಯಿತು.

ಬಿದಿರಿನ ನಾಶಕ್ಕೆ ಗ್ರಾಮಸ್ಥರು ಹಾಗೂ ಅವರ ಜಾನುವಾರುಗಳೇ ಕಾರಣವೆಂಬ ಅಭಿಪ್ರಾಯವಿತ್ತು. 1970ರ ದಶಕದ ಉತ್ತರಾರ್ಧದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಎಸ್. ನರೇಂದ್ರ ಪ್ರಸಾದ್ ಅವರು ಮೆಳೆಗಳನ್ನು ಗುರುತಿಸಿ, ಅವುಗಳ ಬೆಳವಣಿಗೆಯನ್ನು ದಾಖಲಿಸಿದರು. ಹೆಬ್ಬಿದಿರಿನ ಮೆಳೆಯ ಬುಡದಲ್ಲಿ ದಟ್ಟವಾದ ಮುಳ್ಳಿನ ಹೊದಿಕೆ ಇರುತ್ತದೆ. ಅದನ್ನು ತೆಗೆದರೆ ಒತ್ತು ಕಡಿಮೆಯಾಗಿ ಹೊಸ ಗಳಗಳು ಚೆನ್ನಾಗಿ ಬರುವುವೆಂದು ಭಾವಿಸಿ, ಮುಳ್ಳು ಸವರುವುದನ್ನು ನಿರ್ವಹಣೆಯ ಕ್ರಮವಾಗಿಯೇ ಪಾಲಿಸಲಾಗುತ್ತಿತ್ತು. ಮುಳ್ಳೇ ಕಳಲೆಗೆ ರಕ್ಷಣೆ, ಅದನ್ನು ಸವರಿದರೆ ಮೆಳೆ ಉಳಿಯದು ಎಂದು ಗ್ರಾಮಸ್ಥರು ಹೇಳುತ್ತಿದ್ದರು. ಅಧ್ಯಯನದಿಂದ ಗ್ರಾಮಸ್ಥರ ಮಾತೇ ದೃಢಪಟ್ಟಿತು: ಮುಳ್ಳು ತೆಗೆದ ಮೆಳೆಗಳಲ್ಲಿ ಎಳೆಯ ಕಳಲೆಯನ್ನು ದನಕರು, ಮುಳ್ಳುಹಂದಿ, ಮುಸುವಗಳು ತಿಂದುಹಾಕುತ್ತಿದ್ದವು. ಸದುದ್ದೇಶದಿಂದಲೇ ಕೈಗೊಂಡ ಕ್ರಮವು ಸಂಪನ್ಮೂಲವನ್ನು ಕುಗ್ಗಿಸುತ್ತಿತ್ತು. ಅದನ್ನು ಅಳೆದು ನೋಡುವ ವ್ಯವಸ್ಥೆ ಇರಲಿಲ್ಲವಾದ ಕಾರಣ ವರ್ಷಾನುವರ್ಷ ಮುಂದುವರಿಯಿತು.

ಇಂದಿನ ಅರ್ಜಿದಾರರಿಗೆ ಇದರ ಪ್ರಸ್ತುತತೆ ಇದೆ. ಅರಣ್ಯ ಹಕ್ಕುಗಳ ಮಾನ್ಯತೆ ಕಾಯಿದೆ, 2006ರ ಮೇರೆಗೆ ಬಿದಿರು ಕಿರು ಅರಣ್ಯ ಉತ್ಪನ್ನವಾಗಿದ್ದು, ಅದನ್ನು ಸಂಗ್ರಹಿಸುವ, ಬಳಸುವ ಹಾಗೂ ಮಾರಾಟ ಮಾಡುವ ಹಕ್ಕು ಅರ್ಹ ಅರಣ್ಯವಾಸಿಗಳಿಗೆ ಲಭ್ಯವಿದೆ. ಸಮುದಾಯ ಹಕ್ಕುಗಳಿಗೆ ನಮೂನೆ ‘ಬಿ’ಯಲ್ಲಿಯೂ, ಸಮುದಾಯ ಅರಣ್ಯ ಸಂಪನ್ಮೂಲ ಹಕ್ಕಿಗೆ ನಮೂನೆ ‘ಸಿ’ಯಲ್ಲಿಯೂ ಕ್ಲೇಮುಗಳನ್ನು ಗ್ರಾಮಸಭೆಗೆ ಸಲ್ಲಿಸತಕ್ಕದ್ದು. 2012ರ ತಿದ್ದುಪಡಿ ನಿಯಮಗಳಂತೆ, ಗ್ರಾಮಸಭೆಯು ರಚಿಸಿದ ಸಮಿತಿಯು ಸಂರಕ್ಷಣೆ ಮತ್ತು ನಿರ್ವಹಣಾ ಯೋಜನೆಯನ್ನು ಸಿದ್ಧಪಡಿಸಬೇಕಾಗಿರುತ್ತದೆ.

ಕ್ಲೇಮಿನ ಮೇಲೆ ತೋರುವಷ್ಟು ಆಸ್ಥೆಯನ್ನು ಈ ಯೋಜನೆಯ ಮೇಲೆಯೂ ತೋರುವುದು ಸೂಕ್ತ. ಎಷ್ಟು ಮೆಳೆಗಳಿವೆ, ಪ್ರತಿ ಮಳೆಗಾಲದಲ್ಲಿ ಎಷ್ಟು ಕಳಲೆ ಮೂಡಿದವು, ಅವುಗಳಲ್ಲಿ ಎಷ್ಟು ಗಳವಾಗಿ ಉಳಿದವು ಎಂಬ ಮೂರು ಅಂಕಿಗಳನ್ನು ವರ್ಷವಾರು ಬರೆದಿಡಲು ಒಂದು ಸಾಮಾನ್ಯ ವಹಿಯೇ ಸಾಕು. ಯಾವುದಾದರೂ ಷರತ್ತಿನ ಪರಿಷ್ಕರಣೆ ಕೋರುವಾಗ ಈ ವಹಿಯ ಪ್ರತಿಯನ್ನು ಮನವಿಯೊಂದಿಗೆ ಲಗತ್ತಿಸಬಹುದಾಗಿದೆ.