ಡಿ.ವಿ.ಡಿ.ಯ ಅನುಕ್ರಮಣಿಕೆ

ನಮ್ಮ ಅತ್ತಿಗೆಯವರು ಹಾಡುತ್ತಿದ್ದ ಸಂಪ್ರದಾಯದ ಹಾಡುಗಳಲ್ಲಿ 43ನ್ನು ಅವರ ಜೀವಿತಕಾಲದಲ್ಲಿಯೇ ಧ್ವನಿಮುದ್ರಣ ಮಾಡಿಸಿ, ಒಂದೊಂದಕ್ಕೂ ‘ಹಸೆಗೆ ಕರೆಯುವುದು’, ‘ಎಣ್ಣೆಶಾಸ್ತ್ರ’, ‘ತೊಟ್ಟಿಲು’ ಎಂದು ಕನ್ನಡದಲ್ಲಿಯೇ ಹೆಸರಿಟ್ಟು ಕಂಪ್ಯೂಟರಿನಲ್ಲಿ ಇರಿಸಿಕೊಂಡಿದ್ದೆವು. ಅವರು ತೀರಿಕೊಂಡ ತರುವಾಯ ಅವನ್ನೆಲ್ಲ ಒಂದು ಡಿ.ವಿ.ಡಿ.ಗೆ ಬರೆದು, ಹಳೆಯ ಕಂಪ್ಯೂಟರಿನಲ್ಲಿದ್ದುದನ್ನು ಅಳಿಸಿ ಬೇರೆಯವರಿಗೆ ಕೊಟ್ಟುಬಿಟ್ಟೆವು. ಈಚೆಗೆ ಮನೆಯಲ್ಲಿ ಮದುವೆಯೊಂದು ಒದಗಲಾಗಿ ಡಿಸ್ಕನ್ನು ತೆರೆದು ನೋಡಿದರೆ, ಹಾಡುಗಳೇನೋ ಇದ್ದುವು. ಹೆಸರು ಮಾತ್ರ ಒಂದೂ ಉಳಿದಿರಲಿಲ್ಲ. ಅವುಗಳ ಸ್ಥಾನದಲ್ಲಿ ಅಡಿಗೆರೆಗಳೂ ಅಂಕಿಗಳೂ ಸಾಲುಗಟ್ಟಿ ನಿಂತಿದ್ದುವು.

ದೋಷವು ನಮ್ಮದೇ. ಯಾವ ಪದ್ಧತಿಯಲ್ಲಿ ಬರೆಯಬೇಕೆಂದು ಯಂತ್ರವು ಕೇಳಿದಾಗ, ಎಲ್ಲ ಕಂಪ್ಯೂಟರುಗಳೂ ಓದುವುದೇ ಉತ್ತಮವೆಂದು ಬಗೆದು ಐ.ಎಸ್.ಒ. 9660ರ ಮೊದಲನೆಯ ಮಟ್ಟವೊಂದನ್ನೇ ಆರಿಸಿದ್ದೆವು.

ಲೇಸರ್ ಕಿರಣವು ಡಿಸ್ಕಿನ ಬಣ್ಣದ ಪದರವನ್ನು ಕಾಯಿಸಿ ಮೂಡಿಸುವ ಗುರುತುಗಳಲ್ಲಿ ಹಾಡು, ಚಿತ್ರಗಳಷ್ಟೇ ಇದ್ದರೆ ಸಾಲದು. ಯಾವ ಫೈಲು ಎಲ್ಲಿ ಮೊದಲಾಗುವುದು, ಎಷ್ಟು ಉದ್ದ, ಹೆಸರೇನು ಎಂಬ ಅನುಕ್ರಮಣಿಕೆಯೂ ಇರಬೇಕು. ಓಲೆಗರಿಯ ಲಿಪಿಕಾರನು ಗ್ರಂಥದ ಹೆಸರನ್ನು ಕೊನೆಯ ಪುಷ್ಪಿಕೆಯಲ್ಲಿ ಬರೆಯುತ್ತಿದ್ದನು. ಈ ಪದ್ಧತಿಯಾದರೋ ಮೊದಲಿನ 16 ಖಂಡಗಳನ್ನು ಬೇರೆ ಉಪಯೋಗಕ್ಕೆಂದು ಬಿಟ್ಟು, ಅಲ್ಲಿಂದ ಮುಂದೆ ಡಿಸ್ಕಿನ ಪರಿಚಯವನ್ನು ಬರೆಯುವುದು. 1988ರಲ್ಲಿ ಪ್ರಕಟವಾದ ಇದರ ಮೊದಲ ಮಟ್ಟದಲ್ಲಿ ಹೆಸರಿಗೆ 8 ಅಕ್ಷರ, ಅದರ ಬಾಲಕ್ಕೆ 3 ಅಕ್ಷರ. ಅದೂ ಇಂಗ್ಲಿಷಿನ ದೊಡ್ಡಕ್ಷರ, ಅಂಕಿ, ಅಡಿಗೆರೆ ಇಷ್ಟೇ. ಕನ್ನಡಕ್ಕೆ ಅಲ್ಲಿ ಪ್ರವೇಶವೇ ಇಲ್ಲ.

ಈ ಕೊರತೆಯನ್ನು ನೀಗಲು 1995ರಲ್ಲಿ ಮೈಕ್ರೊಸಾಫ್ಟ್ ಸಂಸ್ಥೆಯು ಜೋಲಿಯೆಟ್ ಎಂಬ ಎರಡನೆಯ ಅನುಕ್ರಮಣಿಕೆಯನ್ನು ಜೊತೆಗೂಡಿಸಿತು. ಅದು ಯೂನಿಕೋಡನ್ನು ಒಪ್ಪುವುದರಿಂದ ಕನ್ನಡದ ಹೆಸರು ಕನ್ನಡದಲ್ಲಿಯೇ ನಿಲ್ಲುವುದು. ಆದರೆ ಮಿತಿ 64 ಅಕ್ಷರಗಳು. ಯಂತ್ರದ ಎಣಿಕೆಯು ನಮ್ಮ ವ್ಯಾಕರಣದ ಎಣಿಕೆಯಲ್ಲವೆಂಬುದನ್ನು ವಾಚಕರು ಗಮನಿಸತಕ್ಕದ್ದು: ‘ಸ್ತ್ರೀ’ ಎಂಬುದು ನಮಗೆ ಒಂದೇ ಅಕ್ಷರ, ಯಂತ್ರವು ಸಕಾರ, ವಿರಾಮ, ತಕಾರ, ವಿರಾಮ, ರಕಾರ, ದೀರ್ಘ ಇಕಾರದ ಚಿಹ್ನೆ ಎಂದು ಅದನ್ನು 6 ಆಗಿ ಎಣಿಸುವುದು. ಒತ್ತಕ್ಷರ ಪ್ರಿಯರಾದ ನಮ್ಮಂಥವರು ಹೆಸರನ್ನು ತುಸು ಕಿರಿದಾಗಿ ಇಡುವುದೊಳ್ಳೆಯದು.

ಮೂರನೆಯದು ಯು.ಡಿ.ಎಫ್. ಡಿ.ವಿ.ಡಿ.ಗೆ ಒಗ್ಗಿದ ಪದ್ಧತಿ ಇದೇ, ಚಲನಚಿತ್ರದ ಡಿ.ವಿ.ಡಿ.ಗಳಲ್ಲಿ ಇದರ 1.02ನೆಯ ಆವೃತ್ತಿಯಿರುವುದು. ಐ.ಎಸ್.ಒ.ದ ಮೊದಲೆರಡು ಮಟ್ಟಗಳಲ್ಲಿ ಒಂದು ಫೈಲು 4 ಗಿಗಾಬೈಟನ್ನು ಮುಟ್ಟುವಂತಿಲ್ಲ. ಮದುವೆಯ ವಿಡಿಯೊ ಒಂದೇ ದೊಡ್ಡ ಫೈಲಾಗಿದ್ದರೆ ಯು.ಡಿ.ಎಫೇ ಗತಿ. ಆದರೆ ಹೊಸ ಆವೃತ್ತಿಗೆ ಮರುಳಾಗಬಾರದು. 2.50ನೆಯದನ್ನು ಹಳೆಯ ವಿಂಡೋಸ್ ಎಕ್ಸ್.ಪಿ. ತಾನಾಗಿ ಓದಲಾರದು.

ಒಂದನ್ನೇ ಆರಿಸಬೇಕೆಂಬ ನಿರ್ಬಂಧವೂ ಇಲ್ಲ. ಮೂರು ಅನುಕ್ರಮಣಿಕೆಗಳೂ ಒಂದೇ ಡಿಸ್ಕಿನಲ್ಲಿದ್ದು ಅದೇ ಹಾಡುಗಳನ್ನು ತೋರಿಸಬಲ್ಲುವು. ಹಾಡನ್ನು ಮೂರು ಸಲ ಬರೆಯಬೇಕಾಗುವುದಿಲ್ಲವಾದ್ದರಿಂದ ಹೆಚ್ಚು ಸ್ಥಳವೂ ಹಿಡಿಯದು. ಬಂಧುಗಳಿಗೆ ಕೊಡುವ ಡಿಸ್ಕನ್ನು ಹೀಗೆಯೇ ಬರೆಯಬೇಕೆಂದು ನಮ್ಮ ಅಭಿಪ್ರಾಯ. ವಿಂಡೋಸಿನಲ್ಲಿ ಎರಡು ದಾರಿಗಳನ್ನು ಮುಂದಿಡುವುದುಂಟು: ‘ಯು.ಎಸ್.ಬಿ. ಡ್ರೈವಿನಂತೆ’ ಎಂಬುದೊಂದು, ‘ಪ್ಲೇಯರಿಗಾಗಿ’ ಎಂಬುದೊಂದು. ಮೊದಲಿನದು ಆಗಾಗ ಸೇರಿಸುತ್ತ ಹೋಗಲು ಅನುಕೂಲ, ಟಿ.ವಿ.ಯ ಬಳಿಯಿರುವ ಪ್ಲೇಯರು ಅದನ್ನು ಬಹುಮಟ್ಟಿಗೆ ಓದುವುದಿಲ್ಲ. ಕೊಡತಕ್ಕ ಡಿಸ್ಕಿಗೆ ಎರಡನೆಯದೇ ಸರಿ.

ನಮ್ಮ ಅತ್ತಿಗೆಯವರ ತಂಗಿಯನ್ನು ಕರೆಸಿ ಎರಡು ಮಧ್ಯಾಹ್ನ ಹಾಡುಗಳನ್ನು ಕೇಳಿಸಿದೆವು. ಅವರು 38ನ್ನು ಗುರುತಿಸಿದರು. ಮಿಕ್ಕ 5 ಯಾವ ಶಾಸ್ತ್ರಕ್ಕೆ ಹಾಡತಕ್ಕವೆಂಬುದು, “ಅಕ್ಕನಿಗೇ ಗೊತ್ತಿತ್ತು” ಎಂದರು. ಹೊಸ ಡಿಸ್ಕನ್ನು ಮೂರು ಅನುಕ್ರಮಣಿಕೆಗಳೊಡನೆ ಬರೆದು, ನೆರೆಮನೆಯ ಕಂಪ್ಯೂಟರಿನಲ್ಲಿ ಹೆಸರುಗಳನ್ನೆಲ್ಲ ಓದಿ ನೋಡಿದೆವು. ಆ 5ಕ್ಕೆ ‘ತಿಳಿಯದು’ ಎಂದು ಕನ್ನಡದಲ್ಲಿಯೇ ಹೆಸರಿಟ್ಟಿದೆ.